ಗಾಯಗೊಂಡ ಬೀದಿಯ ಪ್ರಾಣಿಗಳ ಶುಶ್ರೂಷೆ



ಪ್ರಾಣಿದಯೆಯೆಂಬ ಮಾತು ಈ ದೇಶದಲ್ಲಿ ಬಹು ಪುರಾತನವಾದದ್ದು. ಅದನ್ನು ಕೇಳದ ಕಿವಿಯಿಲ್ಲ, ಆಡದ ನಾಲಗೆಯಿಲ್ಲ. ಆದರೆ ಸಂತೆಯ ದಾರಿಯಲ್ಲಿ ಮೋಟಾರಿನ ಗಾಲಿಗೆ ಸಿಕ್ಕು ಸೊಂಟ ಮುರಿದ ನಾಯಿಯೊಂದು ಬಿದ್ದು ನರಳುವಾಗ ನೂರು ಜನರು ‘ಅಯ್ಯೋ’ ಎಂದು ಹಾದುಹೋಗುವರಲ್ಲದೆ, ಅದನ್ನು ಹಲಗೆಯ ಮೇಲೆತ್ತಿ ವೈದ್ಯನ ಬಳಿಗೊಯ್ಯುವವನು ದೊರೆಯುವದು ದುರ್ಲಭ. ‘ಅಯ್ಯೋ’ ಎಂಬದು ದಯೆಯ ಮೊಳಕೆಯೇ ಹೊರತು ಫಲವಲ್ಲ. ದಯೆಯೂ ಒಂದು ವಿದ್ಯೆ. ಅದಕ್ಕೆ ಕೈಯ ಪಳಗಿಕೆ ಬೇಕು, ಔಷಧದ ಜ್ಞಾನ ಬೇಕು, ಹೇಸಿಗೆಯನ್ನು ಗೆದ್ದ ಮನಸ್ಸು ಬೇಕು.

ಮುಂಬಯಿಯಲ್ಲಿ 1832ರಲ್ಲಿ ಸರಕಾರದವರು ಬೀದಿನಾಯಿಗಳನ್ನು ಕೊಲ್ಲಿಸತೊಡಗಲಾಗಿ, ಪಾರಸೀ ಜನರು ಅದನ್ನು ಸಹಿಸಲಾರದೆ ಗಲಭೆಗೆ ನಿಂತರು, ಅಂಗಡಿಗಳು ಮುಚ್ಚಿದವು. ಎರಡು ವರ್ಷಗಳ ತರುವಾಯ, 1834ರಲ್ಲಿ, ಅದೇ ಪಟ್ಟಣದಲ್ಲಿ ಪಾಂಜರಾಪೋಳವು ಸ್ಥಾಪಿತವಾಯಿತು. ಜಮಶೇಟಜಿ ಜೀಜೀಭಾಯಿಯವರು ಅದರ ಸ್ಥಾಪಕರಲ್ಲೊಬ್ಬರು. ಗುಜರಾಥದ ಜೈನ ವರ್ತಕರು ಇದಕ್ಕೂ ಬಹುಕಾಲ ಮೊದಲಿನಿಂದಲೇ ಇಂಥ ಸಂಸ್ಥೆಗಳನ್ನು ನಡೆಯಿಸಿಕೊಂಡು ಬಂದವರು. ಮುದಿಯಾದ, ಕುಂಟಾದ, ಯಾರಿಗೂ ಬೇಡವಾದ ಪ್ರಾಣಿಗೆ ಸಾಯುವ ತನಕ ನೆಳಲು, ಮೇವು, ನೀರು ಕೊಡುವದೇ ಅವುಗಳ ಧ್ಯೇಯ. ಇದು ಸಣ್ಣ ಪುಣ್ಯವಲ್ಲ. ಆದಾಗ್ಯೂ ಆಶ್ರಯ ಬೇರೆ, ಆರೋಗ್ಯ ಬೇರೆ. ಕಾಲು ಮುರಿದ ಕರುವಿಗೆ ಹುಲ್ಲು ಹಾಕಿದ ಮಾತ್ರಕ್ಕೆ ಎಲುಬು ಕೂಡುವದಿಲ್ಲ.

ಈ ಎರಡನ್ನೂ ಕೂಡಿಸಿದವರಲ್ಲಿ ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆಯ ಹೆಸರು ಸ್ಮರಣೀಯವಾದದ್ದು. 1959ರಲ್ಲಿ ಆಕೆಯು ನ್ಯೂಜಿಲೆಂಡಿಗೆ ಹೊರಟವರು ಹಾದಿಯಲ್ಲಿ ಈ ದೇಶದಲ್ಲಿ ಇಳಿದಾಗ, ಸಾಯುತ್ತ ಬಿದ್ದ ಕುದುರೆಯೊಂದರ ಕಣ್ಣುಗಳನ್ನು ಕಾಗೆಗಳು ಕುಕ್ಕಿದ್ದನ್ನು ಕಂಡರು. ಮುಂದಿನ ಪ್ರಯಾಣ ಅಲ್ಲಿಗೇ ನಿಂತಿತು. ದಿಲ್ಲಿಯಲ್ಲಿ ಮೂಕಪ್ರಾಣಿಗಳಿಗೊಂದು ಆಶ್ರಯವನ್ನು ಕಟ್ಟಿ, 1980ರಲ್ಲಿ ಜಯಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಎಂಬ ಸಂಸ್ಥೆಯನ್ನು ತೆಗೆದು, ಕಡೆಗೆ 1991ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಬೆಂಗಳೂರಲ್ಲಿ ‘ಕ್ಯೂಪಾ’ ಎಂದು ಹೆಸರಾದ ಸಂಸ್ಥೆಯನ್ನು ಸ್ಥಾಪಿಸಿದರು. ತೀರ್ಥಯಾತ್ರೆಗೆ ಹೊರಡುವ ವಯಸ್ಸಿನಲ್ಲಿ ನಾಯಿಗಳ ಕಜ್ಜಿ ತೊಳೆಯಲು ಕುಳಿತವರು ಎಷ್ಟು ಜನ!

ಇಂಥ ಶುಶ್ರೂಷಾಶಾಲೆಯ ಬಾಗಿಲಿಗೆ ಬರುವವು ಯಾವ ಪ್ರಾಣಿಗಳು? ಹುಳು ಬಿದ್ದ ಹುಣ್ಣಿನ ನಾಯಿಗಳು, ಮೈಯೆಲ್ಲ ಕಜ್ಜಿಯಾಗಿ ಕೂದಲುದುರಿದವು, ಮುಸುರೆಯ ಸಂಗಡ ಪ್ಲಾಸ್ಟಿಕ್ ಚೀಲ ನುಂಗಿ ಹೊಟ್ಟೆಯುಬ್ಬಿದ ಆಕಳುಗಳು. ರಾಜಸ್ಥಾನದಲ್ಲಿ ಮೂಗಿನ ಗೂಟದಿಂದ ಕೀವುಗಟ್ಟಿದ ಒಂಟೆಗಳು. ಸಂಕ್ರಾಂತಿಯ ದಿನ ಗಾಳಿಪಟದ ಗಾಜುಪುಡಿಯ ದಾರಕ್ಕೆ ರೆಕ್ಕೆ ಕೊಯ್ದುಕೊಂಡು ಉರುಳುವ ಪಾರಿವಾಳಗಳು. ಇವುಗಳಲ್ಲಿ ಹುಳು ಬಿದ್ದ ಹುಣ್ಣೆಂಬದು ಜನರು ತಿಳಿದಷ್ಟು ಅಸಾಧ್ಯವಾದ ರೋಗವಲ್ಲ. ಬಿಡುವ ಗಾಯದ ಮೇಲೆ ನೊಣವು ತತ್ತಿಯಿಕ್ಕುವದು. ಒಂದೇ ದಿನದೊಳಗೆ ಹುಳುಗಳೊಡೆದು ಜೀವಂತ ಮಾಂಸವನ್ನೇ ಕೊರೆಯತೊಡಗುವವು. ನೋಡುವವನಿಗೆ ಪ್ರಾಣಿಯು ಕೊಳೆತೇಹೋಯಿತೆಂದು ಕಾಣುವದು. ಆದರೆ ಹುಳುಗಳನ್ನು ಸಾಯಿಸುವ ಔಷಧವನ್ನು ಹಾಕಿ, ಚಿಮುಟದಿಂದ ಒಂದೊಂದನ್ನೇ ಹೆಕ್ಕಿ, ಗಾಯವನ್ನು ದಿನಾಲು ತೊಳೆದು ಕಟ್ಟಿದರೆ ಕುತ್ತಿಗೆಯಲ್ಲಿ ಮುಷ್ಟಿಯಷ್ಟು ಗುಂಡಿ ಬಿದ್ದ ನಾಯಿಯೂ ಕೆಲವು ವಾರಗಳಲ್ಲಿ ಹೊಸ ಚರ್ಮ ಹೊದೆಯುವದುಂಟು. ‘ಅದರ ಕರ್ಮ’ವೆಂದು ದಾಟಿಹೋದವರು ಆಗ ಅದನ್ನು ನೋಡಬೇಕು.

ಗುಣವಾದ ಬಳಿಕ ಪ್ರಾಣಿಯು ಎಲ್ಲಿಗೆ ಹೋಗಬೇಕು? ಶಾಲೆಯಲ್ಲೇ ಇಟ್ಟುಕೊಂಡರೆ ಹತ್ತು ದಿನದಲ್ಲಿ ಜಾಗ ತುಂಬಿ, ಹನ್ನೊಂದನೆಯ ದಿನ ಬಂದ ಗಾಯಾಳುವಿಗೆ ಬಾಗಿಲು ಮುಚ್ಚುವದು. ಬೇರೆ ಕೇರಿಯಲ್ಲಿ ಬಿಟ್ಟರೆ ಅಲ್ಲಿಯ ನಾಯಿಗಳು ಕಚ್ಚಿ ಓಡಿಸುವವು. ಆದುದರಿಂದ ಸಂತಾನಶಕ್ತಿಯನ್ನು ತೆಗೆದು, ಹುಚ್ಚುರೋಗದ ಚುಚ್ಚುಮದ್ದು ಹಾಕಿ, ಕಿವಿಯಲ್ಲಿ ಗುರುತಿನ ಕಚ್ಚು ಮಾಡಿ, ಹಿಡಿದ ಓಣಿಯಲ್ಲೇ ಮರಳಿ ಬಿಡುವ ಪದ್ಧತಿಯು ಬಂದಿತು. ಜಯಪುರದಲ್ಲಿ 1994ರ ನವಂಬರದಿಂದ 2002ರ ಡಿಸೆಂಬರದವರೆಗೆ ಹತ್ತಿರ ಹತ್ತಿರ 25,000 ನಾಯಿಗಳನ್ನು ಹಿಡಿದು ಈ ಕಾರ್ಯವನ್ನು ನಡೆಯಿಸಲಾಗಿ, ಆ ಭಾಗದಲ್ಲಿ ಹೆಣ್ಣುನಾಯಿಗಳಲ್ಲಿ ಶೇಕಡಾ 65ಕ್ಕೆ ಚಿಕಿತ್ಸೆಯಾಯಿತು. ನಾಯಿಗಳ ಸಂಖ್ಯೆಯು ಶೇಕಡಾ 28ರಷ್ಟು ಇಳಿಯಿತು. ಹುಚ್ಚುರೋಗದಿಂದ ಸಾಯುವ ಮನುಷ್ಯರ ಸಂಖ್ಯೆಯು ಅಲ್ಲಿ ಸೊನ್ನೆಗೆ ಬಂದಿತು. ನಾಯಿಗೆ ಮಾಡಿದ ದಯೆಯು ಮಕ್ಕಳನ್ನು ಉಳಿಸಿತೆಂಬದಕ್ಕೆ ಬೇರೆ ಸಾಕ್ಷಿ ಬೇಡ. 2001ರ ಸರಕಾರಿ ನಿಯಮಗಳೂ, ಅವುಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳೂ ಈ ದಾರಿಯನ್ನೇ ಹಿಡಿದವು.

ಆದರೂ ವಿವಾದವು ತೀರಲಿಲ್ಲ. ದಿಲ್ಲಿಯ ನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿ ಕೂಡಿಹಾಕಬೇಕೆಂದು 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿತು. 22ರಂದು ಅದನ್ನು ತಿದ್ದಿ, ಹುಚ್ಚು ಹಿಡಿದವು ಹಾಗೂ ಮೈಮೇಲೆ ಬರುವವುಗಳ ಹೊರತು ಉಳಿದವನ್ನು ಚಿಕಿತ್ಸೆಯ ಬಳಿಕ ಇದ್ದಲ್ಲಿಯೇ ಬಿಡಬೇಕೆಂದಿತು. ನವಂಬರದಲ್ಲಿ ಶಾಲೆ, ಆಸ್ಪತ್ರೆ, ನಿಲ್ದಾಣಗಳ ಆವರಣದಿಂದ ಒಯ್ದವನ್ನು ಅಲ್ಲಿಗೆ ಮರಳಿಸಕೂಡದೆಂದಿತು. ಕೂಸನ್ನು ನಾಯಿ ಕಚ್ಚಿದ ಮನೆಯವರ ಸಂಕಟವನ್ನು ಪ್ರಾಣಿಪ್ರೇಮಿಗಳು ಹಗುರಾಗಿ ನೋಡಲಾಗದು. ಹಾಗೆ ನೋಡಿದಲ್ಲಿ ದಯೆಯು ಪಕ್ಷಪಾತವಾಗುವದು.

ಇದಕ್ಕಿಂತ ಕಠಿಣವಾದ ಪ್ರಶ್ನೆಯು ಇನ್ನೊಂದಿದೆ. ಬೆನ್ನೆಲುಬು ಮುರಿದು, ಗುಣವಾಗುವ ಆಶೆಯೇ ಇಲ್ಲದೆ, ರಾತ್ರಿ ಹಗಲು ಕೂಗುವ ಪ್ರಾಣಿಗೆ ವೈದ್ಯನು ನೋವಿಲ್ಲದ ಮರಣವನ್ನು ಕೊಡುವದು ಹಿಂಸೆಯೋ ದಯೆಯೋ? ಪಾಂಜರಾಪೋಳದ ಸಂಪ್ರದಾಯದವರು ಹಿಂಸೆಯೆನ್ನುವರು. ನಿಯಮಗಳು ಗುಣವಾಗದ ಪ್ರಾಣಿಗಳ ವಿಷಯದಲ್ಲಿ ಅದಕ್ಕೆ ಸಮ್ಮತಿಸುವವು. ಪ್ರಾಣಿಯನ್ನು ಇರುವೆ ಮುತ್ತಲು ಬಿಟ್ಟು ಕೈತೊಳೆದುಕೊಂಡವನು ಅಹಿಂಸಾವ್ರತಿಯಾದನೆಂದು ಹೇಳಲು ಬಾಯಿ ಬಾರದು. ಆದರೆ ಜಾಗ ಸಾಲದೆಂದು, ಖರ್ಚು ಹೆಚ್ಚೆಂದು ಅದೇ ಸೂಜಿಯನ್ನು ಎತ್ತಿದರೆ ಅದು ಕೊಲೆಯೇ. ಹಿಂಗಾಲುಗಳು ಬಿದ್ದುಹೋದ ನಾಯಿಯು ಎರಡು ಗಾಲಿಯ ಸಣ್ಣ ಬಂಡಿಯನ್ನು ಕಟ್ಟಿಕೊಂಡು ಬಾಲವಾಡಿಸುತ್ತ ತಿರುಗುವದುಂಟು. ಅಂಥದರ ಮೇಲೆ ಮರಣವನ್ನು ವಿಧಿಸುವ ಅಧಿಕಾರ ಯಾರಿಗೂ ಇಲ್ಲ. ಆದುದರಿಂದ ಪ್ರಾಣಿಯ ನೋವೊಂದನ್ನೇ ಪ್ರಮಾಣವಾಗಿಟ್ಟು, ತಿಳಿದ ವೈದ್ಯನೇ ನಿರ್ಣಯಿಸತಕ್ಕದ್ದು.

ಶಾಲೆಯು ಎಲ್ಲ ಊರಿಗೂ ಇಲ್ಲ. ಪಶುವೈದ್ಯನು ಬರುವ ತನಕ ಮಾಡತಕ್ಕ ಕೆಲಸವನ್ನು ಪ್ರತಿಯೊಬ್ಬನೂ ಅರಿತಿರಬೇಕು. ನೊಂದ ನಾಯಿಯು ಸಾಕಿದವನನ್ನೂ ಕಚ್ಚುವದು. ಉಸಿರಿಗೆ ಅಡ್ಡಿಯಾಗದಂತೆ ಅದರ ಬಾಯನ್ನು ಮೆತ್ತನೆಯ ಅರಿವೆಯಿಂದ ಕಟ್ಟಬೇಕು, ಆದರೆ ವಾಂತಿಯಾಗುತ್ತಿದ್ದರೆ ಇಲ್ಲವೆ ಏದುಸಿರಿದ್ದರೆ ಕಟ್ಟಕೂಡದು. ಕಾಲು ಹಿಡಿದು ಎಳೆಯದೆ, ಹಲಗೆ ಅಥವಾ ಕಂಬಳಿಯ ಮೇಲೆ ಅಡ್ಡಲಾಗಿ ಸರಿಸಿ ಎತ್ತಬೇಕು. ಎಚ್ಚರದಪ್ಪಿದ ಪ್ರಾಣಿಯ ಬಾಯಿಗೆ ನೀರು ಸುರಿದರೆ ಅದು ಶ್ವಾಸಕೋಶಕ್ಕಿಳಿದು ಕೊಲ್ಲುವದು. ಗಾಯಕ್ಕೆ ಸೀಮೆಎಣ್ಣೆ ಹೊಯ್ಯುವ ರೂಢಿಯು ಸುಟ್ಟ ಗಾಯವನ್ನು ಕೂಡಿಸುವದಷ್ಟೇ. ಸುಮ್ಮನೆ ಜೊಲ್ಲು ಸುರಿಸುತ್ತ ತೂರಾಡುವ ನಾಯಿಯನ್ನು ಮುಟ್ಟದೆ ತಿಳಿದವರಿಗೆ ಸುದ್ದಿ ಕೊಡಬೇಕು. ಹಲ್ಲು ತಾಕಿದ್ದಾದರೆ, ಗೀರು ಸಣ್ಣದೆಂದು ಸುಮ್ಮನಿರದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ದವಾಖಾನೆಗೆ ಹೋಗಿ ಚುಚ್ಚುಮದ್ದು ತೆಗೆದುಕೊಳ್ಳಬೇಕು.