ಇರುಳನ್ನು ಅಳೆಯುವ ಗಿಡಗಳು



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತುವ ನಾಟಿ ಅವರೆ, ಮಳೆಗಾಲ ಪೂರ್ತಿ ಎಲೆಬಳ್ಳಿಗಳನ್ನಷ್ಟೇ ಹಬ್ಬಿಸುತ್ತದೆ. ರಾಗಿ ಕೊಯ್ಲಿನ ಹೊತ್ತಿಗೆ ಹೂವಾಗಿ, ಮಾಗಿಯ ಇಬ್ಬನಿಯಲ್ಲಿ ಸೊಗಡು ತುಂಬಿದ ಕಾಯಿ ಕೊಡುತ್ತದೆ. ಬಿತ್ತನೆ ಕೆಲವು ವಾರ ಹಿಂದುಮುಂದಾದರೂ ಹೂವಿನ ಕಾಲ ಹೆಚ್ಚು ಬದಲಾಗದು. ಈ ಗಿಡಕ್ಕೆ ಪಂಚಾಂಗ ಓದಿ ಹೇಳುವವರಾರು?

ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ ೧೯೨೦ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಬೇಸಿಗೆಯಲ್ಲಿ ಹೂ ಬಿಡದೆ ಎತ್ತರಕ್ಕೆ ಬೆಳೆಯುತ್ತಿದ್ದ ಒಂದು ಹೊಗೆಸೊಪ್ಪಿನ ತಳಿಯನ್ನು ಅವರು ದಿನದ ಕೆಲವು ತಾಸು ಕತ್ತಲಲ್ಲಿರಿಸಿದಾಗ ಅದು ಹೂ ಬಿಟ್ಟಿತು. ಇಂಥ ಗಿಡಗಳು ನಿಜವಾಗಿ ಅಳೆಯುವುದು ಇರುಳಿನ ಉದ್ದವನ್ನು ಎಂಬುದು ಮುಂದೆ ತಿಳಿಯಿತು. ನಮ್ಮ ಸೀಮೆಯಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರು ಹಗಲಿಗೂ ಸುಮಾರು ಒಂದೂವರೆ ತಾಸಿನ ಅಂತರವಷ್ಟೆ. ಅವರೆಗೆ ಅಷ್ಟೇ ಸಾಕು.

ಗಾಂಜಾ ಎಂದು ಹೆಸರು ಕೆಡಿಸಿಕೊಂಡ ಭಂಗಿ ಗಿಡದ ಬಹುತೇಕ ತಳಿಗಳೂ ಇದೇ ಗುಂಪಿಗೆ ಸೇರುತ್ತವೆ. ಬಯಲಿನಲ್ಲಿ ಅದು ದೀರ್ಘ ಹಗಲುಗಳಲ್ಲಿ ಬೆಳೆದು, ಹಗಲು ಕಿರಿದಾದಂತೆ ಹೂ ಬಿಡುತ್ತದೆ. ಸಾಮಾನ್ಯವಾಗಿ ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ. ಗಾಳಿಯೇ ಪರಾಗವನ್ನು ಒಯ್ಯುತ್ತದೆ. ಬೀಜ ಕಟ್ಟಿ, ವರ್ಷದೊಳಗೆ ಒಣಗುತ್ತದೆ. ಅದನ್ನು ಕೋಣೆಯೊಳಗೆ ಬೆಳೆಸಿದರೆ ಸೂರ್ಯ, ಗಾಳಿ, ಋತು ಎಲ್ಲವನ್ನೂ ವಿದ್ಯುತ್ತೇ ಒದಗಿಸಬೇಕು. ಅಮೆರಿಕದಲ್ಲಿ ಇಂಥ ಒಳಾಂಗಣ ಬೆಳೆ ದೇಶದ ಒಟ್ಟು ವಿದ್ಯುತ್ತಿನ ಶೇಕಡಾ ೧ರಷ್ಟನ್ನು ನುಂಗುತ್ತಿದೆ ಎಂದು ಇವಾನ್ ಮಿಲ್ಸ್ ೨೦೧೨ರಲ್ಲಿ ಅಂದಾಜಿಸಿದರು. ನಮ್ಮಲ್ಲಿ ೧೯೮೫ರ ಮಾದಕ ವಸ್ತು ಕಾಯಿದೆಯಂತೆ ಪರವಾನಗಿಯಿಲ್ಲದೆ ಅದನ್ನು ಬೆಳೆಯುವುದು ಅಪರಾಧ. ಆದರೆ ಬಿಸಿಲು ಪುಕ್ಕಟೆ ಕೊಡುವುದನ್ನು ಗೋಡೆಯೊಳಗೆ ಕೊಳ್ಳಲು ಹೊರಟರೆ ತೆರಬೇಕಾದ ಬೆಲೆಯ ಪಾಠ ಎಲ್ಲ ಬೆಳೆಗಳಿಗೂ ಅನ್ವಯಿಸುತ್ತದೆ.

ಸೇವಂತಿಗೆಯನ್ನೇ ನೋಡಿ. ಅದೂ ದೀರ್ಘ ಇರುಳಿನ ಗಿಡ. ಬೇಗ ಮೊಗ್ಗಾಗದೆ ಕಾಂಡ ಬಲಿಯಲೆಂದು ಬೆಳೆಗಾರರು ರಾತ್ರಿ ಬಲ್ಬು ಹೊತ್ತಿಸುತ್ತಾರೆ. ಪಾಲಿಹೌಸುಗಳಲ್ಲಿ ಬೇಕಾದಾಗ ಹೂ ಬರಿಸಲು ಕಪ್ಪು ಹೊದಿಕೆ ಎಳೆಯುತ್ತಾರೆ. ಈ ಜಾಣ್ಮೆ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟಿದೆ. ಅದನ್ನು ಹಳಿಯುವುದು ಸಲ್ಲದು. ಆದರೆ ಬಲ್ಬಿನ ಹಿಂದೆ ಕೊಳವೆಬಾವಿಯಿದೆ. ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನಗಳಲ್ಲಿ ಈ ಸೀಮೆ ಅತಿಬಳಕೆಯ ಪಟ್ಟಿಗೆ ಪದೇ ಪದೇ ಸೇರಿದೆ. ನಂದಿಬೆಟ್ಟಗಳಲ್ಲಿ ಹುಟ್ಟುವ ಅರ್ಕಾವತಿಯೂ ಇಲ್ಲಿ ವರ್ಷವಿಡೀ ಹರಿಯುವುದಿಲ್ಲ. ಪಾಲಿಹೌಸಿನ ಮಾಡಿನ ಮೇಲೆ ಬಿದ್ದ ಮಳೆನೀರನ್ನು ಹೊಂಡಕ್ಕಿಳಿಸಿ ಬಳಸುವವರು ಆ ಸಾಲವನ್ನು ಸ್ವಲ್ಪವಾದರೂ ತೀರಿಸುತ್ತಾರೆ. ಉಳಿದವರು ಮೊಮ್ಮಕ್ಕಳ ಮೇಲೆ ಬರೆಯುತ್ತಿದ್ದಾರೆ.

ಅವರೆಯೂ ಬದಲಾಗಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-೩, ಹೆಬ್ಬಾಳ ಅವರೆ-೪ ತಳಿಗಳು ಇರುಳಿನ ಅಳತೆಯನ್ನು ಕಾಯುವುದಿಲ್ಲ. ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತವೆ. ಹಂಗಾಮು ತಪ್ಪಿದಾಗ ಕಾಯಿಗೆ ಒಳ್ಳೆಯ ಬೆಲೆ ಸಿಗುವುದು ಲಾಭವೇ. ಆದರೆ ಬೇಸಿಗೆಯ ಅವರೆಗೆ ನೀರು ಕಟ್ಟಬೇಕು. ನಾಟಿ ಅವರೆಯಾದರೋ ನೆಲದಲ್ಲಿ ಉಳಿದ ತೇವ ಮತ್ತು ಇಬ್ಬನಿಯಲ್ಲೇ ಬದುಕಿ, ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಕೂಡಿಸುತ್ತದೆ. ಹೊಸದನ್ನು ಬಿತ್ತಲಿ, ಹಳೆಯ ಬೀಜದ ಮಡಕೆ ಬರಿದಾಗದಿರಲಿ.

ಬೀಜ ಉಳಿದರೂ ನೆಲ ಉಳಿಯಬೇಕಲ್ಲವೆ? ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ೧೩ ಹಳ್ಳಿಗಳ ರೈತರು ೧,೭೭೭ ಎಕರೆ ಭೂಸ್ವಾಧೀನದ ವಿರುದ್ಧ ೨೦೨೨ರಿಂದ ಧರಣಿ ಕುಳಿತರು. ಸಾವಿರಕ್ಕೂ ಹೆಚ್ಚು ದಿನಗಳ ಬಳಿಕ, ೨೦೨೫ರ ಜುಲೈ ೧೫ರಂದು ಸರ್ಕಾರ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಕಾಯುವುದನ್ನು ಬಲ್ಲ ಜನ ಅವರು, ಅವರೆ ಬೆಳೆದವರಲ್ಲವೆ!

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಬರುವ ಮುಂಗಾರಿನಲ್ಲಿ ಒಂದೇ ಮಡಕೆಯ ನಾಟಿ ಅವರೆ ಬೀಜವನ್ನು ಬೀದಿದೀಪದ ಕೆಳಗೊಂದು ಕಡೆ, ದೂರದ ಕತ್ತಲ ಹೊಲದಲ್ಲೊಂದು ಕಡೆ ಬಿತ್ತಿರಿ. ಎರಡೂ ಕಡೆ ಮೊದಲ ಹೂ ಕಂಡ ದಿನವನ್ನು ಬರೆದಿಡಿ. ಕತ್ತಲೆಯೂ ಬೆಳೆಗೆ ಬೇಕಾದ ಸಂಪತ್ತೆಂಬುದನ್ನು ಆ ಎರಡು ದಿನಾಂಕಗಳು ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ಹೇಳುತ್ತವೆ.