ಬಾಗಿಲ ಮುಂದಿನ 37 ಚುಕ್ಕಿ

ನಸುಕಿನ ಬಸ್ಸು ಹಿಡಿದು ಕಲಬುರಗಿಗೆ ಬಂದಿರುವ ಗಣಿತ ಶಿಕ್ಷಕ ಬಂಧುಗಳೇ, ಮುಂದಿನ ಸಾಲಿನಲ್ಲಿ ಚಡಪಡಿಸುತ್ತ ಕೂತಿರುವ ಮಕ್ಕಳೇ,

ಅಧ್ಯಕ್ಷರ ಭಾಷಣ ಊಟಕ್ಕೆ ಅಡ್ಡ ಬರುತ್ತದೆಂದು ನನಗೂ ಗೊತ್ತು. ಬೇಗ ಮುಗಿಸುತ್ತೇನೆ.

ಬೆಳಿಗ್ಗೆ ಒಳಗೆ ಬರುವಾಗ ಬಾಗಿಲ ಮುಂದಿನ ರಂಗೋಲಿ ನೋಡುತ್ತ ನಿಂತೆ. ಹಾಕಿದ ಹುಡುಗಿ ಅಲ್ಲೇ ಇದ್ದಳು. "ಎಷ್ಟು ಚುಕ್ಕಿಯದಮ್ಮಾ?" ಎಂದೆ. "ಏಳರಿಂದ ನಾಲ್ಕು ರೀ ಸರ್, ಸಂದು ಚುಕ್ಕಿ" ಎಂದಳು. ನಡುವೆ 7, ಅದರ ಮೇಲೂ ಕೆಳಗೂ ಸಂದಿನಲ್ಲಿ 6, 5, 4. ಒಟ್ಟು ಎಷ್ಟೆಂದು ಅವಳು ಎಣಿಸಿರಲಿಲ್ಲ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಎಣಿಸಿದೆವು: 37.

ಇದಕ್ಕೆ ಚಿಕ್ಕ ತಂಗಿಯರಿದ್ದಾರೆ. ಐದರಿಂದ ಮೂರು ಹಾಕಿದರೆ 19 ಚುಕ್ಕಿ. ಮೂರರಿಂದ ಎರಡಕ್ಕೆ 7. ಎಲ್ಲಕ್ಕಿಂತ ಕಿರಿಯಳು ಒಂಟಿ ಚುಕ್ಕಿ. ಈಗ ಕಿರಿಯಳಿಂದ ಕೂಡುತ್ತ ಬನ್ನಿ. 1ಕ್ಕೆ 7 ಸೇರಿದರೆ 8, 19 ಸೇರಿದರೆ 27, 37 ಸೇರಿದರೆ 64. ಎರಡರ ಘನ, ಮೂರರ ಘನ, ನಾಲ್ಕರ ಘನ! ನೆಲಕ್ಕಂಟಿದ ಚುಕ್ಕಿಗೂ ಪೆಟ್ಟಿಗೆಯಂಥ ಘನಕ್ಕೂ ಏನು ನಂಟು?

ಇಲ್ಲಿಗೇ ಬಿಟ್ಟರೆ ಇದು ಮೋಡಿಯಾಟ. ಮಕ್ಕಳಿಗೆ ಗಣಿತದ ರುಚಿ ಹತ್ತಿಸುತ್ತೇವೆಂದು ಹೊರಟ ನಾವು ಬಹಳ ಸಲ ಇಲ್ಲಿಗೇ ಬಿಡುತ್ತೇವೆ. ಚಪ್ಪಾಳೆ ಬಿತ್ತೆಂದು ಮುಂದಿನ ಚಮತ್ಕಾರಕ್ಕೆ ಹಾರುತ್ತೇವೆ. ನನ್ನ ತಕರಾರು ಅದೊಂದೇ. ಮಗು ಬಾಯಿ ಬಿಟ್ಟು ನೋಡುವ ಗಳಿಗೆಯಲ್ಲೇ "ಯಾಕೆ?" ಹುಟ್ಟುತ್ತದೆ. ಸೊಗಸು ಇರುವುದು ಆ "ಯಾಕೆ"ಯ ಒಳಗೆ.

64 ಪುಟ್ಟ ಮರದ ದಾಳಗಳನ್ನು ಜೋಡಿಸಿ ನಾಲ್ಕರ ಘನ ಕಟ್ಟಿ. ಅದರ ಒಂದು ಮೂಲೆ ನೇರ ನಿಮ್ಮ ಮೂಗಿಗೆ ಎದುರಾಗುವಂತೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ. ಕಾಣುವುದು ಮೂರು ಮುಖ, ಹೊರಗಿನ ಗೆರೆ ಆರು ಮೂಲೆಯದು. ಆ ಮುಖಗಳ ದಾಳಗಳನ್ನಷ್ಟೇ ತೆಗೆದಿಡಿ. ಉಳಿದದ್ದು ಮೂರರ ಘನ, 27. ಕೈಗೆ ಬಂದದ್ದು 37. ಒಂದೊಂದು ದಾಳಕ್ಕೆ ಒಂದೊಂದು ಚುಕ್ಕಿ ಇಟ್ಟರೆ ಬಾಗಿಲ ಮುಂದಿನ ರಂಗೋಲಿಯೇ ಅದು. ಮತ್ತೊಮ್ಮೆ ತೆಗೆಯಿರಿ, 19. ಇನ್ನೊಮ್ಮೆ, 7. ಕೊನೆಗೆ ಉಳಿಯುವುದು ಒಂಟಿ ದಾಳ.

ಈ ರುಚಿ ನಮ್ಮ ನೆಲಕ್ಕೆ ಹೊಸದಲ್ಲ. ಇಲ್ಲೇ ಹತ್ತಿರದ ಮಳಖೇಡ ಅಮೋಘವರ್ಷ ನೃಪತುಂಗನ ರಾಜಧಾನಿ. ಅವನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. 139ನ್ನು 109ರಿಂದ ಗುಣಿಸಿದರೆ 15151, ಎತ್ತಲಿಂದ ಓದಿದರೂ ಅದೇ. ಇಂಥ ಸಂಖ್ಯೆಗಳಿಗೆ ಆತ ಕೊರಳ ಹಾರದ ಹೆಸರಿಟ್ಟ. ರಸಿಕ!

ಅವನದೇ ಒಂದು ಲೆಕ್ಕ: 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲಕ್ಕೆ 101. ಒಂದೊಂದಕ್ಕೆ ಎಷ್ಟು? ನಾವು ಕೂಡಲೇ ಎಕ್ಸ್, ವೈ ಬರೆದು ಗುಣಿಸಲು ಶುರು ಮಾಡುತ್ತೇವೆ. ಎರಡು ಬುಟ್ಟಿಯನ್ನೂ ಒಂದೇ ಕಡೆ ಸುರಿಯಿರಿ: 16 ಜೋಡಿ, ಬೆಲೆ 208, ಜೋಡಿಗೆ 13. ಬುಟ್ಟಿಗಳ ಅಂತರ ನೋಡಿ: 2 ಬೇಲದ ಬದಲು 2 ಮಾದಲ ಬಂದದ್ದಕ್ಕೆ 6 ಹೆಚ್ಚಾಗಿದೆ, ಅಂದರೆ ಒಂದಕ್ಕೆ 3. ಮಾದಲ 8, ಬೇಲ 5. ಪೆನ್ನು ಬೇಕಾಗಲಿಲ್ಲ.

ನನ್ನ ತರಗತಿಯಲ್ಲೊಬ್ಬ ಹುಡುಗ ಇಂಥದೇ ಲೆಕ್ಕವನ್ನು ಹೀಗೇ ಬಿಡಿಸಿದ್ದ. ಪುಸ್ತಕದ ಕ್ರಮದಲ್ಲಿಲ್ಲ ಎಂದು ಮೂರರಲ್ಲಿ ಒಂದು ಅಂಕ ಕೊಟ್ಟೆ. ಉತ್ತರ ಸರಿಯಿತ್ತು, ದಾರಿ ನಾನು ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಚೆಂದವಿತ್ತು. ಅವನು ಏನೂ ಕೇಳಲಿಲ್ಲ, ಉತ್ತರಪತ್ರಿಕೆ ಮಡಚಿ ಜೇಬಿಗಿಟ್ಟುಕೊಂಡ. ಆ ಎರಡು ಅಂಕ ಇನ್ನೂ ನನ್ನ ಬಾಕಿ.

ಹೊರಗೆ ಪಡಸಾಲೆಯ ಮೇಜಿನ ಮೇಲೆ 125 ದಾಳ ಇಡಿಸಿದ್ದೇನೆ, ಪಕ್ಕದಲ್ಲಿ ರಂಗೋಲಿ ಪುಡಿಯ ಡಬ್ಬಿಯಿದೆ. ಒಂಬತ್ತರಿಂದ ಐದು ಹಾಕಿ ನೋಡಿ. ಮಕ್ಕಳಿಗೆ ಮೊದಲ ಸರದಿ, ಮೇಷ್ಟ್ರುಗಳು ಹಿಂದೆ ನಿಲ್ಲಲಿ. ಊಟಕ್ಕೆ ಕರೆದಾಗ ಯಾರಾದರೂ ಇನ್ನೂ ಎಣಿಸುತ್ತಿದ್ದರೆ ದಯವಿಟ್ಟು ಎಬ್ಬಿಸಬೇಡಿ.