ಕೂಸಿನ ರೊಕ್ಕ ಸಾಲದ ಬಾಯಿಗೆ ಬೀಳಬಾರದು
(ದೇವಣಗಾಂವದ ಗುಡಿ ಕಟ್ಟೆಯ ಮೇಲೆ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತು, ಓದುಗರಿಗಾಗಿ)



ನಾವು ಕೂಡಿದಾಗೆಲ್ಲ ತೊಗರಿ ಬೆಲೆ, ಕಬ್ಬಿನ ಬಾಕಿ, ಬ್ಯಾಂಕಿನ ನೋಟೀಸು ಇವೇ ಮಾತು. ಇವತ್ತು ನಾನು ಬೇರೆ ಒಂದು ರೊಕ್ಕದ ಲೆಕ್ಕ ತಂದೀನಿ. ನಮ್ಮ ಮನಿಯ ಬಸುರಿ ಬಾಣಂತಿಗೆ, ಹುಟ್ಟಿದ ಕೂಸಿಗೆ ಸರಕಾರ ಕೊಡುವ ರೊಕ್ಕದ ಲೆಕ್ಕ. ಇದೆಲ್ಲ ಹೆಣ್ಣುಮಕ್ಕಳ ಮಾತು, ರೈತರ ಸಭೆಗೆ ಯಾಕ ಅಂತ ಕೆಲವರು ನಗಬಹುದು. ಮೊದಲು ಒಂದು ಸಂಗತಿ ಕೇಳ್ರಿ, ಆಮೇಲೆ ನಗ್ರಿ.

2023ರ ಬರದಾಗ ನಮ್ಮ ಓಣಿಯ ಒಬ್ಬ ರೈತನಿಗೆ ಒತ್ತೆ ಇಡಲು ಮನಿಯಾಗ ಏನೂ ಉಳಿದಿರಲಿಲ್ಲ. ಹೆಂಡತಿಯ ಕೊರಳಾಗಿನದು ಅದಕ್ಕೂ ಮೊದಲೇ ಹೋಗಿತ್ತು. ಟ್ರಂಕಿನಾಗ ಇದ್ದ ಮಗಳ ಭಾಗ್ಯಲಕ್ಷ್ಮಿ ಬಾಂಡ್ ಒಯ್ದು ಬಡ್ಡಿಯವನ ಕಡೆ ಇಟ್ಟು ಇಪ್ಪತ್ತು ಸಾವಿರ ತಂದ. ಎರಡು ವರ್ಷದ ಮ್ಯಾಲೆ ನನ್ನ ಕಡೆ ಬಂದು, "ಕಾಕಾ, ಹುಡುಗಿಗೆ ಹದಿನೇಳು ನಡದೈತಿ. ಒಂದು ಸ್ಥಳ ಬಂದೈತಿ. ಲಗ್ನ ಮಾಡಿಬಿಡ್ತೀನಿ. ಬಾಂಡಿನ ರೊಕ್ಕ ಬಂದ ಕೂಡ್ಲೇ ಬಡ್ಡಿಯವನಿಗೆ ಮುಟ್ಟಸ್ತೀನಿ" ಅಂದ.

ಬಾಂಡಿನ ಕರಾರು ಏನು ಅಂತ ಆತನಿಗೆ ಯಾರೂ ಓದಿ ಹೇಳಿರಲಿಲ್ಲ. ಹುಡುಗಿಗೆ 18 ತುಂಬಬೇಕು, ಅಲ್ಲೀತನಕ ಲಗ್ನ ಆಗಬಾರದು, ಎಂಟನೆಯ ಇಯತ್ತೆಯಾದರೂ ಪಾಸಾಗಿರಬೇಕು, ಆಕೆಯನ್ನು ಕೂಲಿಗೆ ಹಚ್ಚಿರಬಾರದು. ಅಷ್ಟಾದ ಮೇಲೆ ರೊಕ್ಕ ಬರುವುದು ಹುಡುಗಿಯ ಖಾತೆಗೆ. ಬಾಂಡ್ ಯಾರ ಪೆಟ್ಟಿಗೆಯಲ್ಲಿದ್ದರೂ ಅವರಿಗೆ ಒಂದು ಪೈಸೆ ಸಿಗುವುದಿಲ್ಲ. ಅಂದರೆ ನಮ್ಮವ ಹುಡುಗಿಯ ಓದು ಬಿಡಿಸಿ, ಲಗ್ನ ಮಾಡಿ, ಕಾಯ್ದೆ ಮುರಿದು, ಆ ರೊಕ್ಕವನ್ನೂ ಕಳಕೊಳ್ಳುವವನಿದ್ದ. ನಾಲ್ಕು ಮಂದಿ ಹಿರಿಯರು ಕೂಡಿ ಬಡ್ಡಿಯವನಿಗೆ ತಿಳಿಸಿ ಹೇಳಿದ ಮೇಲೆ ಬಾಂಡ್ ತಿರುಗಿ ಬಂತು. ಲಗ್ನ ನಿಂತಿತು. ಹುಡುಗಿ ಕಾಲೇಜಿಗೆ ಹೊಂಟಾಳ. ಸಾಲ ಇನ್ನೂ ಐತಿ, ಸುಳ್ಳು ಹೇಳಂಗಿಲ್ಲ. ಆದರೆ ಅದು ಅಪ್ಪನ ಸಾಲ. ಅದನ್ನು ಮಗಳ ಹಣೆಗೆ ಬರೆಯುವುದು ಬ್ಯಾಡ.

ಆದ್ದರಿಂದ ಯಾವ ರೊಕ್ಕ ಯಾರದು, ಯಾಕೆ ಬರುತ್ತದೆ ಅನ್ನುವುದು ಪ್ರತಿ ಮನಿಯಲ್ಲೂ ಗೊತ್ತಿರಬೇಕು.

ಮೊದಲನೆಯದು ತಾಯಿಯ ರೊಕ್ಕ. ಇದಕ್ಕೆ ಮಾತೃವಂದನಾ ಯೋಜನೆ ಅಂತಾರ. ಕೇಂದ್ರ ಸರಕಾರ 2017ರಿಂದ ನಡೆಸುತ್ತಿದೆ. ಮೊದಲ ಕೂಸಿಗೆ 5,000 ರೂಪಾಯಿ. ಬಸುರಿ ಇದ್ದಾಗ ಅಂಗನವಾಡಿಯಲ್ಲಿ ಹೆಸರು ಬರೆಸಿ ತಪಾಸಣೆ ಮಾಡಿಸಿದರೆ 3,000, ಕೂಸು ಹುಟ್ಟಿ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ 2,000. 2022ರಿಂದ ಎರಡನೆಯದು ಹೆಣ್ಣು ಕೂಸಾದರೆ ಒಮ್ಮೆಗೇ 6,000 ಉಂಟು. ಎರಡನೆಯದು ಗಂಡಾದರೆ ಏನೂ ಇಲ್ಲ.

ಎರಡನೆಯದು ಹೆಣ್ಣು ಕೂಸಿನ ರೊಕ್ಕ. ನಮ್ಮ ರಾಜ್ಯದ ಭಾಗ್ಯಲಕ್ಷ್ಮಿ 2006-07ರಲ್ಲಿ ಶುರುವಾಯಿತು. ಬಿಪಿಎಲ್ ಮನೆತನದ ಎರಡು ಹೆಣ್ಣುಮಕ್ಕಳವರೆಗೆ ಅನ್ವಯ. 2008ರ ಆಗಸ್ಟ್ ನಂತರ ಹುಟ್ಟಿದ ಮೊದಲ ಹುಡುಗಿಯ ಹೆಸರಿಗೆ ಸರಕಾರ 19,300 ರೂಪಾಯಿ ಇಟ್ಟು, 18 ವರ್ಷಕ್ಕೆ 1,00,097 ಬರುತ್ತದೆ ಅಂದಿತು. 2020-21ರಿಂದ ಹೊಸ ಕೂಸುಗಳಿಗೆ ಬಾಂಡಿನ ಬದಲು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆ ಬಂತು. ಹಳೆಯ ಬಾಂಡುಗಳು ಈಗ ಅವಧಿ ಮುಗಿದು ಕೈಗೆ ಬರುವ ಕಾಲ. ಟ್ರಂಕು ತೆಗೆದು ನೋಡಿಕೊಳ್ರಿ. ಬಾಂಡ್ ಕಳೆದಿದ್ದರೆ, ಹೆಸರು ತಪ್ಪಿದ್ದರೆ ಅಂಗನವಾಡಿ ಟೀಚರಮ್ಮನಿಗೆ ಹೇಳಿ, ತಾಲೂಕಿನ ಶಿಶು ಅಭಿವೃದ್ಧಿ ಕಚೇರಿಗೆ ಅರ್ಜಿ ಕೊಡ್ರಿ.

ಮೂರನೆಯದು ತಿಂಗಳ ರೊಕ್ಕ, ಗೃಹಲಕ್ಷ್ಮಿಯ 2,000. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಯಾಯಿತು. ಇದು ಕೂಸಿನ ಹೆಸರಿನದಲ್ಲ, ರೇಶನ್ ಕಾರ್ಡಿನಲ್ಲಿ ಮನಿಯ ಯಜಮಾನಿ ಅಂತ ಇರುವಾಕೆಯದು. ಆದರೆ ಮಕ್ಕಳ ಹಾಲು, ನೋಟ್‌ಬುಕ್ಕು, ಜ್ವರದ ಗುಳಿಗೆ ಎಲ್ಲ ಇದರಾಗೇ ನಡೀತಾವ ಅಂತ ತಾಯಂದಿರಿಗೆ ಗೊತ್ತು.

ಇಷ್ಟಿದ್ದೂ ರೊಕ್ಕ ಯಾಕೆ ಮುಟ್ಟುವುದಿಲ್ಲ? ಬಹಳ ಸಲ ಕಾಗದದ ತೊಡಕು. ಆಧಾರಿನಲ್ಲಿ ತವರಿನ ಅಡ್ಡಹೆಸರು, ರೇಶನ್ ಕಾರ್ಡಿನಲ್ಲಿ ಗಂಡನ ಮನಿಯದು. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಕೊನೆಗೆ ಯಾವುದಕ್ಕೆ ಆಧಾರ್ ಜೋಡಿಸಿದ್ದಾರೋ ಅದಕ್ಕೇ ರೊಕ್ಕ ಹೋಗುತ್ತದೆ. ನಾವು ಇನ್ನೊಂದು ಪಾಸ್‌ಬುಕ್ ಹಿಡಿದು ಬಂದಿಲ್ಲ ಬಂದಿಲ್ಲ ಅಂತಿರತೀವಿ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಹೆಣ್ಣುಮಕ್ಕಳು ಹೋಗುವ ಮುಂಚೆಯೇ ಹೆಸರು ಬರೆಸಬೇಕು. ತಾಯಿ ಕಾರ್ಡು ಸಂಗಡ ಇಟ್ಟುಕೊಂಡು, ಅಲ್ಲಿ ಹಾಕಿಸಿದ ಲಸಿಕೆಯನ್ನೂ ಅದರಾಗ ಬರೆಸಿಕೊಳ್ಳಬೇಕು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ದಂಡಿಯ ಮನಿಗಳಾಗ ಕಾಳಿನ ಕೂಡ ಕಾಗದನೂ ಹೋದವು. ಮೂಲ ಕಾಗದ ಪ್ಲಾಸ್ಟಿಕ್ ಚೀಲದಾಗ ಇರಲಿ, ಝೆರಾಕ್ಸ್ ಒಂದು ಬೀಗರ ಮನಿಯಾಗ ಇರಲಿ.

ಇನ್ನು ಬ್ಯಾಂಕಿನ ಮಾತು. ನನ್ನ ಸೊಸೆಯ ಖಾತೆಗೆ ಬಂದ ಬಾಣಂತಿ ರೊಕ್ಕವನ್ನು ಒಂದು ಬ್ಯಾಂಕು ತಡೆಹಿಡಿಯಿತು. "ನಿಮ್ಮ ಮಗನ ಬೆಳೆಸಾಲ ಬಾಕಿ ಐತಲ್ಲ" ಅಂದರು. ನಾನು, "ಸಾಹೇಬರ, ಸಾಲದ ಕಾಗದದ ಮೇಲೆ ಆಕೆಯ ಸಹಿ ಐತೇನು? ಆಕೆ ಜಾಮೀನು ಅದಾಳೇನು? ಇಲ್ಲಂದ್ರ ಆಕೆಯ ರೊಕ್ಕ ಯಾಕ ಹಿಡದೀರಿ? ಕಾರಣ ಬರೆದು ಕೊಡ್ರಿ" ಅಂದೆ. ಬರೆದು ಕೊಡಲಿಲ್ಲ. ಮೂರು ದಿನಕ್ಕೆ ರೊಕ್ಕ ಬಿಟ್ಟರು. ನೀವೂ ಹಂಗೇ ಕೇಳ್ರಿ. ಬಾಯಿಮಾತು ಬ್ಯಾಡ, ಅರ್ಜಿ ಬರೆದು ಶಿಕ್ಕಾ ಹಾಕಿಸಿದ ಪ್ರತಿ ಇಟ್ಟುಕೊಳ್ರಿ. ಮೂವತ್ತು ದಿನದಾಗ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಫೀ ಇಲ್ಲ.

ಕೊನೆಗೆ ಬೆಲೆಯ ಮಾತು. ಯಾಕಂದ್ರ ನಾವು ರೈತರು, ಬೆಲೆ ನೋಡದೆ ಬಿಡುವವರಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಏನು ಹೇಳುತ್ತದೆ? ಸರಕಾರಿ ನೌಕರಿಯವರಂಥವರನ್ನು ಬಿಟ್ಟು, ಪ್ರತಿಯೊಬ್ಬ ಬಸುರಿ ಬಾಣಂತಿಗೆ 6,000ಕ್ಕೆ ಕಡಿಮೆಯಿಲ್ಲದಷ್ಟು ಕೊಡಬೇಕು ಅನ್ನುತ್ತದೆ. ಯೋಜನೆ ಮಾಡುವಾಗ ಅದು ಮೊದಲ ಕೂಸಿಗೆ 5,000 ಆಯಿತು. 2017-18ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 5,450 ಇತ್ತು. 2025-26ಕ್ಕೆ 8,000 ಆಯಿತು. ಅದೂ ನಮಗೆ ಸಾಲದು, ಆದರೂ ಏರಿತು. ತಾಯಿಯ 5,000 ಮಾತ್ರ ಇಟ್ಟಲ್ಲೇ ಕೂತಿದೆ. ಭಾಗ್ಯಲಕ್ಷ್ಮಿಯ ಲಕ್ಷಕ್ಕೆ 2008ರಲ್ಲಿ ಏಳೆಂಟು ತೊಲಿ ಬಂಗಾರ ಬರುತ್ತಿತ್ತು. ಈಗ ಒಂದು ತೊಲಿಗೇ ಲಕ್ಷ ದಾಟಿದೆ. ಪಕ್ಕದ ತಮಿಳುನಾಡು 2018ರಿಂದ ಒಂದು ಹೆರಿಗೆಗೆ ರೊಕ್ಕ, ಸಾಮಾನು ಕೂಡಿ 18,000ದಷ್ಟು ಕೊಡುತ್ತಿದೆ. ಅಲ್ಲಿ ಆಗುವುದು ಇಲ್ಲಿ ಯಾಕಾಗುವುದಿಲ್ಲ?

ಇದು ದಾನವಲ್ಲ, ಬಾಂಧವರೇ. ನಾವು ಬೆಳೆದ ಕಾಳು ಅಗ್ಗವಾಗಿ ಪೇಟೆಗೆ ಹೋಗುತ್ತದೆ. ಅದನ್ನು ಉಂಡು ಊರೂರು ಬದುಕುತ್ತವೆ. ಬೆಳೆದವನ ಮನಿಯ ಬಾಣಂತಿ ಕಾರೀಕು, ತುಪ್ಪಕ್ಕೆ ಸಾಲ ಮಾಡುವಂತಾದರೆ ಆ ಲೆಕ್ಕದಲ್ಲಿ ಎಲ್ಲೋ ಮೋಸವಿದೆ. ಕಾಯ್ದೆಯಲ್ಲಿ ಬರೆದಷ್ಟನ್ನು ಪ್ರತಿ ಹೆರಿಗೆಗೂ ಕೊಡಲಿ, ವರ್ಷ ವರ್ಷ ಬೆಲೆ ನೋಡಿ ಏರಿಸಲಿ, ಬ್ಯಾಂಕು ಅದಕ್ಕೆ ಕೈ ಹಚ್ಚದಿರಲಿ ಅಂತ ನಾವು ಕೇಳೋಣ.

ಸರಕಾರವನ್ನು ಕೇಳುವ ಮುಂಚೆ ನಮ್ಮ ಮನಿಯಾಗ ಒಂದು ನೇಮ ಮಾಡೋಣ. ಕೂಸಿನ ಹೆಸರಿಗೆ ಬಂದದ್ದನ್ನು ಒತ್ತೆ ಇಡಬಾರದು, ಬಡ್ಡಿಗೆ ಕಟ್ಟಬಾರದು, ಸೆರೆ ಅಂಗಡಿಗೆ ಒಯ್ಯಬಾರದು. ಇವತ್ತು ಮನಿಗೆ ಹೋದ ಕೂಡಲೇ ಟ್ರಂಕು ತೆಗೀರಿ. ಕಾಗದ ಓದಲು ಬರದಿದ್ದರೆ ಸಾಲಿಗೆ ಹೋಗುವ ಮಗಳ ಕೈಗೆ ಕೊಡ್ರಿ. ಅದು ಆಕೆಯದೇ, ಆಕೆ ಓದಿ ಹೇಳಲಿ.